ಅತ್ತೆ ಹೇಳಿದ್ದ ಮಾತು

ಸಮಾಮಿಶ್
ಸೆಪ್ಟೆಂಬರ್ 15, 2024

ಅವ್ವ,

ದಿನಾ ಫೋನಿನಲ್ಲಿ ಮಾತಾಡುವ ಮಗಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನು ಫೋನು ಮಾಡಿದ ಕೂಡಲೇ ವಿಜಯೇಂದ್ರಣ್ಣ ಅದನ್ನು ಸ್ಪೀಕರಿಗೆ ಹಾಕಿ ಟಿ.ವಿ. ಪಕ್ಕ ಇಟ್ಟುಬಿಡುತ್ತಾನೆ. ಅತ್ತಿಗೆ, ಮಕ್ಕಳು, ಬಂದ ನೆಂಟರು ಎಲ್ಲರಿಗೂ ನಮ್ಮ ಮಾತು ಕೇಳುತ್ತದೆ. ಇದು ನಿನ್ನೊಬ್ಬಳಿಗೇ ಹೇಳಬೇಕಾದ ಮಾತು.

ನೀನು ಬಾಗಲಕೋಟೆಗೆ ವಾಪಸು ಹೋದಾಗ ನಮ್ಮ ಮೀನಾ ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಮನೆ ತುಂಬ ಓಡುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಡಿಸೆಂಬರಿಗೆ ಎರಡು ತುಂಬುತ್ತದೆ. ಆದರೆ ಮಾತಿಲ್ಲ. ಅವ್ವ ಅನ್ನುವುದಿಲ್ಲ, ಅಪ್ಪ ಅನ್ನುವುದಿಲ್ಲ. ನೀನಿದ್ದಾಗ ಅಷ್ಟಿಷ್ಟು ‘ಬಬ್ಬಬ್ಬ’ ಅನ್ನುತ್ತಿದ್ದಳಲ್ಲ, ಅದೂ ನಿಂತುಹೋಗಿದೆ. ಡಾಕ್ಟರ ಹತ್ತಿರ ಪ್ರತಿ ಸಲವೂ ಕರೆದುಕೊಂಡು ಹೋಗುವವನು ನಿನ್ನ ಅಳಿಯ ಹ್ಯುನ್‌ಸೂ. ಪಟ್ಟಣದೊಳಗೆ ಫ್ರೀಮಾಂಟಿನಲ್ಲಿರುವ ಅವನ ಆಫೀಸಿಗೆ ಆ ಕ್ಲಿನಿಕ್ ಹತ್ತಿರ. ಹೋಗಿ ಬಂದು, “ಮೂರು ಭಾಷೆಯ ಮನೆ ಅಲ್ವಾ, ತಡ ಆಗುತ್ತೆ ಅಂದ್ರು” ಎನ್ನುತ್ತಾನೆ. ಪಕ್ಕದ ಬೀದಿಯ ಸ್ವಪ್ನಾ ಕೂಡ, “ಏನ್ ತಲೆ ಕೆಡಿಸ್ಕೊಳ್ತೀಯಾ ಕಣೇ, ನನ್ನ ಮಗಳು ಮೂರಕ್ಕೆ ಸ್ಟಾರ್ಟ್ ಮಾಡಿದ್ಲು, ಈಗ ಸ್ಟಾಪೇ ಮಾಡಲ್ಲ” ಎಂದು ನಗುತ್ತಾಳೆ.

ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅತ್ತೆಯ ಬಗ್ಗೆ ನೀನು ಹೇಳಿದ್ದು ನನ್ನ ತಲೆಯಲ್ಲೇ ಇತ್ತು. “ಆ ಮುದುಕಿ ಇಡೀ ದಿನ ಕೂಸಿನ ಮುಂದ ಕೊರಿಯಾ ಭಾಷಾ ಮಾತಾಡತಾಳ. ಸಂಜೀಕ ನೀ ಬಂದು ಕನ್ನಡ ಅಂತೀ. ಪಾಪ, ಅದು ಯಾವುದು ಕಲೀಬೇಕು?” ಎಂದಿದ್ದೆ. ಹೋದ ತಿಂಗಳು ಮನಸ್ಸು ಗಟ್ಟಿ ಮಾಡಿ ಹ್ಯುನ್‌ಸೂಗೆ ಹೇಳಿಬಿಟ್ಟೆ: ಇನ್ನು ಮೇಲೆ ಮಗುವಿನ ಜೊತೆ ಕೊರಿಯನ್ ಬೇಡ, ನಿನ್ನ ಅಮ್ಮನಿಗೆ ಹೇಳು. ಊಟದ ಮೇಜಿನ ಮುಂದೆ ಅವನು ಹೇಳಿದ. ಅತ್ತೆ ಚಮಚ ಕೆಳಗಿಟ್ಟರು. ನನ್ನನ್ನೇ ನೋಡುತ್ತಾ ಬಹಳ ಹೊತ್ತು ಏನೋ ಹೇಳಿದರು. ಅವನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟ. ಏನಂದರು ಎಂದು ಕೇಳಿದೆ. “ಸರಿ ಅಂದ್ರು. ನಿನ್ನ ಇಷ್ಟದಂತೆ ಆಗಲಿ ಅಂದ್ರು” ಎಂದ. ಅಷ್ಟು ಉದ್ದದ ಮಾತಿಗೆ ಅರ್ಥ ಇಷ್ಟೇನಾ ಅನ್ನಿಸಿತು.

ಅಂದಿನಿಂದ ಅತ್ತೆ ಮೂಕರಂತೆ ಮಗುವನ್ನು ನೋಡಿಕೊಳ್ಳುತ್ತಾರೆ. ಉಣ್ಣಿಸುತ್ತಾರೆ, ತಲೆ ಬಾಚುತ್ತಾರೆ, ಮಲಗಿಸುತ್ತಾರೆ. ಬಾಯಿ ಬಿಡುವುದಿಲ್ಲ. ನನಗೂ ಕೆಟ್ಟದೆನಿಸುತ್ತದೆ. ಆದರೆ ನೇರವಾಗಿ ಮಾತಾಡೋಣವೆಂದರೆ ಅವರಿಗೆ ಇಂಗ್ಲಿಷ್ ಬಾರದು, ನನಗೆ ಕೊರಿಯನ್ ಬಾರದು. ಫೋನಿನ ಅನುವಾದ ಅಕ್ಕಿ, ಉಪ್ಪು, ಡೈಪರ್ ಅನ್ನುವಷ್ಟಕ್ಕೆ ಸಾಕು. ಮಿಕ್ಕದ್ದೆಲ್ಲ ಹ್ಯುನ್‌ಸೂ ಮೂಲಕವೇ ಆಗಬೇಕು. ಗುರುವಾರ ಗುರುವಾರ ಅವರನ್ನು ಚರ್ಚಿನ ವ್ಯಾನು ಕರೆದುಕೊಂಡು ಹೋಗುತ್ತದಲ್ಲ, ಅಲ್ಲಿ ಕೊರಿಯನ್ ನರ್ಸ್ ಒಬ್ಬಳು ಅಜ್ಜಿಯರನ್ನು ಕೂರಿಸಿಕೊಂಡು ಮಕ್ಕಳ ಆರೋಗ್ಯದ ಬಗ್ಗೆ, ಯಾವ ತಿಂಗಳಿಗೆ ಮಗು ಏನೇನು ಮಾಡಬೇಕು ಎಂಬುದರ ಬಗ್ಗೆ ಪಾಠ ಮಾಡುತ್ತಾಳಂತೆ. ಅಲ್ಲಿಂದ ಬಂದ ದಿನ ಮಗನ ಹಿಂದೆ ಬಿದ್ದು ಮಾತಾಡುತ್ತಾರೆ. ಏನು ಎಂದರೆ “ಲಸಿಕೆ, ಹಲ್ಲು, ಅದೇ” ಎನ್ನುತ್ತಾನೆ.

ಒಂದು ತಮಾಷೆ ಕೇಳು. ಮೊನ್ನೆ ಅತ್ತೆ ತಮ್ಮ ಫೋನಿನಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದರು. ಅನುವಾದದಲ್ಲಿ “ಮಗು ಕಿವಿಯನ್ನು ತಿಂದಿದೆ” ಎಂದು ಬಂತು! ಹ್ಯುನ್‌ಸೂಗೆ ತೋರಿಸಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅತ್ತೆ ಫೋನು ಒಳಗಿಟ್ಟುಕೊಂಡು ರೂಮಿಗೆ ಹೋದರು.

ನೀನು ಏನು ಅನ್ನುತ್ತೀ? ಇನ್ನಷ್ಟು ದಿನ ಕಾಯಲೇ?

ನಿನ್ನ ಮುದ್ದಿನ
ಕೀರ್ತಿ


ಬಾಗಲಕೋಟೆ
ಅಕ್ಟೋಬರ್ 9, 2024

ಮಗಳೇ ಕೀರ್ತಿ,

ನಿನ್ನ ಕಾಗದವನ್ನು ಬಚ್ಚಲಮನೆಯಲ್ಲಿ ನಿಂತು ಓದಿದೆ. ಈ ಮನೆಯಲ್ಲಿ ಒಬ್ಬಳೇ ಇರುವುದಕ್ಕೆ ಬೇರೆ ಜಾಗವಿಲ್ಲ.

ಇಷ್ಟಕ್ಕೆಲ್ಲ ಹೆದರುತ್ತಾರೆಯೇ? ವಿಜಯೇಂದ್ರ ಮಾತಾಡಿದ್ದು ಮೂರು ದಾಟಿದ ಮೇಲೆ. ನಿನ್ನ ಅಜ್ಜಿ ಆಗ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು. ನಮ್ಮ ಓಣಿಯ ಜಾನಕಿಯ ಮಗ ಮುಂದಿನ ವಾರ ನಿಮ್ಮ ಕಡೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಬಜೆ ಕೊಟ್ಟು ಕಳಿಸುತ್ತೇನೆ. ಆ ಭಾಷೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಕೂಸಿಗೆ ಗೊಂದಲ ತಪ್ಪಿತು. ಸ್ವಲ್ಪ ದಿನ ನೋಡು, ತಾನೇ ಸರಿಯಾಗುತ್ತದೆ.

ಆಸ್ಪತ್ರೆ, ಪರೀಕ್ಷೆ ಎಂದು ಓಡಾಡಬೇಡ. ಇಲ್ಲಿಯ ಸಂಗತಿ ನಿನಗೆ ಗೊತ್ತೇ ಇದೆ. ನಿನ್ನ ಮದುವೆಗೆ ಬಾರದ ದೊಡ್ಡಪ್ಪ ಈಗಲೂ ಹಬ್ಬಕ್ಕೆ ಬಂದಾಗಲೆಲ್ಲ, “ಆ ಚೀನಾದವನ ಕೂಸು ಹೆಂಗದ?” ಎಂದು ಕೇಳುತ್ತಾನೆ. ಚೀನಾ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಅವನು ಕೇಳುವುದು ಕ್ಷೇಮಕ್ಕಲ್ಲ. ಎಲ್ಲರೂ ಬೇಡವೆಂದಾಗ ನಿನ್ನ ಪರವಾಗಿ ಒಬ್ಬಳೇ ನಿಂತವಳು ನಾನು. ಆ ದೇಶಕ್ಕೆ ಬಂದು ನೋಡಿ ಹೋಗಿ, ಮಗಳು ಸುಖವಾಗಿದ್ದಾಳೆ, ಮೊಮ್ಮಗಳು ಚಿನ್ನದಂತಿದ್ದಾಳೆ ಎಂದು ಮನೆಮನೆಗೆ ಹೇಳಿದ್ದೇನೆ.

ನಿನ್ನ ಅತ್ತೆ ಕೈಸನ್ನೆ ಬಾಯಿಸನ್ನೆ ಮಾಡಿ ಏನಾದರೂ ಹೇಳಲು ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ವಯಸ್ಸಾದವರಿಗೆ ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತದೆ.

ಚೆನ್ನಾಗಿ ಊಟ ಮಾಡು. ಕೂಸಿಗೆ ದೃಷ್ಟಿ ತೆಗೆ.

ಇಂತಿ,
ನಿನ್ನ ಅವ್ವ ಗೌರಾದೇವಿ


ಸಮಾಮಿಶ್
ಜನವರಿ 23, 2025

ಅವ್ವ,

ಮೀನಾಗೆ ಕಿವಿ ಕೇಳಿಸುವುದಿಲ್ಲ.

ಈ ಒಂದು ಸಾಲು ಬರೆದು ಪೆನ್ನು ಇಟ್ಟು ಎದ್ದು ಹೋಗಿದ್ದೆ. ಈಗ ಮತ್ತೆ ಬಂದು ಕೂತಿದ್ದೇನೆ. ಎಲ್ಲವನ್ನೂ ಹೇಳುತ್ತೇನೆ.

ಸಂಕ್ರಾಂತಿಗೆ ಮುಂಚೆ ಒಂದು ದಿನ ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಹ್ಯುನ್‌ಸೂ ಕೆಲಸದ ಮೇಲೆ ಎರಡು ವಾರಕ್ಕೆಂದು ಟೆಕ್ಸಾಸಿಗೆ ಹೋಗಿದ್ದ. ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಹಂಚಿನ ಮೇಲಿನದು ಸೀದು ಅಡುಗೆಮನೆ ತುಂಬ ಹೊಗೆಯಾಗಿ ಮೇಲಿನ ಅಲಾರಮ್ಮು ಕೂಗತೊಡಗಿತು. ಅದರ ಕೂಗು ನಿನಗೆ ಗೊತ್ತಲ್ಲ, ನೀನಿದ್ದಾಗ ಒಮ್ಮೆ ಅದು ಹೊಡೆದುಕೊಂಡಾಗ ನೀನು ಎದೆ ಹಿಡಿದುಕೊಂಡಿದ್ದೆ. ನಾನು ಕಿವಿ ಮುಚ್ಚಿಕೊಂಡು ತಿರುಗಿ ನೋಡಿದರೆ, ಅದರ ಕೆಳಗೇ ನೆಲದ ಮೇಲೆ ನಮ್ಮತ್ತ ಬೆನ್ನು ಮಾಡಿ ಕೂತಿದ್ದ ಮೀನಾ ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಅವಳ ಭುಜ ಕೂಡ ಅಲುಗಲಿಲ್ಲ.

ಅತ್ತೆಯತ್ತ ನೋಡಿದೆ. ಅವರು ಅಲಾರಮ್ಮನ್ನಾಗಲಿ ಮಗುವನ್ನಾಗಲಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನಿಧಾನವಾಗಿ ತಮ್ಮ ಕಿವಿ ಮುಟ್ಟಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಅವರ ಮುಖದಲ್ಲಿ ಆಶ್ಚರ್ಯ ಎಂಬುದೇ ಇರಲಿಲ್ಲ, ಅವ್ವ.

ಹ್ಯುನ್‌ಸೂಗೆ ಫೋನು ಮಾಡಿದೆ. “ಆಟದಲ್ಲಿ ಮುಳುಗಿರ್ತಾಳೆ, ನಾನು ಬರೋವರೆಗೂ ಇರು” ಎಂದ. ನಾನು ಕಾಯಲಿಲ್ಲ. ಮಕ್ಕಳ ಆಸ್ಪತ್ರೆಗೆ ನಾನೇ ಫೋನು ಮಾಡಿ, ಯಾರೋ ರದ್ದು ಮಾಡಿದ್ದ ಸಮಯ ಸಿಕ್ಕಾಗ, ಅತ್ತೆಯನ್ನೂ ಕೂರಿಸಿಕೊಂಡು ಹೋದೆ. ಅಲ್ಲಿ ಕೌಂಟರಿನ ಹುಡುಗಿ, “ಅಜ್ಜಿ ಯಾವ ಭಾಷೆ ಮಾತಾಡ್ತಾರೆ?” ಎಂದು ಕೇಳಿದಳು. ಕೊರಿಯನ್ ಎಂದೆ. ಒಬ್ಬ ದುಭಾಷಿ ಹೆಂಗಸನ್ನು ಕರೆಸಿದರು. ನಮ್ಮಿಂದ ಕಾಸಿಲ್ಲ, ಕೇಳಿದವರಿಗೆಲ್ಲ ಕರೆಸುತ್ತಾರಂತೆ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಆಕೆ ಬಂದವಳೇ, “ಯಾರು ಏನು ಹೇಳಿದರೂ ಹೇಳಿದ ಹಾಗೇ ಹೇಳುತ್ತೇನೆ. ಸೇರಿಸುವುದಿಲ್ಲ, ಬಿಡುವುದಿಲ್ಲ” ಎಂದಳು.

ಮಗುವನ್ನು ಗಾಜಿನ ಕೋಣೆಯಲ್ಲಿ ಅತ್ತೆಯ ತೊಡೆಯ ಮೇಲೆ ಕೂರಿಸಿ ಶಬ್ದ ಕೊಟ್ಟರು. ಶಬ್ದದ ಕಡೆ ತಿರುಗಿದರೆ ಗೊಂಬೆಯೊಂದು ಬೆಳಗಿ ಕುಣಿಯುತ್ತದೆ. ಗೊಂಬೆ ಕುಣಿಯಲೇ ಇಲ್ಲ. ಆಮೇಲೆ ಮತ್ತೊಂದು ದಿನ ನಿದ್ದೆ ಮಾಡಿಸಿ ಇನ್ನೊಂದು ಪರೀಕ್ಷೆ ಮಾಡಿದರು. ಹುಟ್ಟಿದಾಗ ಕೇಳಿಸುತ್ತಿತ್ತು, ಆಗಿನ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಕೆಲವು ಮಕ್ಕಳಲ್ಲಿ ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದಂತೆ. ಈಗ ಎರಡೂ ಕಿವಿಯಲ್ಲಿ ಬಹುತೇಕ ಏನೂ ಉಳಿದಿಲ್ಲ.

ಡಾಕ್ಟರು ಕೇಳಿದರು: “ನೀವು ಮೊದಲು ಗಮನಿಸಿದ್ದು ಯಾವಾಗ?” ಕಳೆದ ವಾರ ಎಂದೆ. ಅತ್ತೆ ನನ್ನ ಕಡೆ ತಿರುಗಿ ಮಾತಾಡತೊಡಗಿದರು. ದುಭಾಷಿ ‘ಅವರು’ ಎನ್ನುವುದಿಲ್ಲ, ‘ನಾನು’ ಎಂದೇ ಹೇಳುತ್ತಾಳೆ. ಹಾಗಾಗಿ ಅತ್ತೆಯೇ ನನ್ನ ಎದುರು ಬಾಯಿ ತೆರೆದ ಹಾಗಿತ್ತು.

“ಮಗುವಿಗೆ ಒಂಬತ್ತು ತಿಂಗಳಿದ್ದಾಗ ನಾನು ಗಮನಿಸಿದೆ. ಕರೆದರೆ ತಿರುಗುತ್ತಿರಲಿಲ್ಲ. ನಮ್ಮ ತರಗತಿಯ ನರ್ಸ್ ಹೇಳಿದ್ದಳು: ತಿರುಗದಿದ್ದರೆ, ತೊದಲುವುದು ಕಡಿಮೆಯಾದರೆ ಕಾಯಬೇಡಿ ಎಂದು. ಅದೇ ದಿನ ಮಗನಿಗೆ ಹೇಳಿದೆ. ಪ್ರತಿ ಗುರುವಾರ ಹೇಳಿದೆ. ಮೊದಮೊದಲು, ಡಾಕ್ಟರಿಗೆ ತೋರಿಸಿದ್ದೇವೆ, ಸರಿಯಿದೆ ಅಂದ. ಆಮೇಲೆ, ನಿನಗೆ ಇದೆಲ್ಲ ಗೊತ್ತಿದೆ, ನಾನು ತಲೆಹಾಕುವುದು ನಿನಗೆ ಇಷ್ಟವಿಲ್ಲ ಅಂದ. ಆ ಸಂಜೆ ಊಟದ ಹೊತ್ತಿನಲ್ಲೂ ಹೇಳಿದೆನಲ್ಲ, ಮಾತಾಡಬೇಡ ಎಂದರೆ ಮಾತಾಡುವುದಿಲ್ಲ, ಆದರೆ ಅವಳಿಗೆ ಯಾರ ಭಾಷೆಯೂ ಕೇಳಿಸುತ್ತಿಲ್ಲ, ದಯವಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ. ಆಮೇಲೆ ಫೋನಿನಲ್ಲೂ ಬರೆದು ತೋರಿಸಿದೆ. ನೀನು ನಕ್ಕೆ. ನೀನೆಂಥ ತಾಯಿ ಎಂದುಕೊಂಡೆ.”

ನನಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ಬಂದದ್ದು ಮಗು ಕಿವಿ ತಿಂದಿದೆ ಎಂದಲ್ಲವೇ ಎಂದೆ. ದುಭಾಷಿ ಡಾಕ್ಟರ ಅಪ್ಪಣೆ ಕೇಳಿ, ತನ್ನ ಮಾತಾಗಿ ಹೇಳಿದಳು: “ಕೊರಿಯನ್‌ನಲ್ಲಿ ಕಿವುಡಾಗುವುದಕ್ಕೆ ಹಾಗೇ ಹೇಳುವುದು.”

ನಾನು ತಪ್ಪು ತಿಳಿದು ನಕ್ಕಿದ್ದೆ, ಅವ್ವ. ನನ್ನ ಪಕ್ಕ ನಿಂತು ನಕ್ಕವನಿಗೆ ಆ ಭಾಷೆ ಗೊತ್ತಿತ್ತು.

ಅವನು ನಾಳೆ ಬರುತ್ತಾನೆ.

ಕೀರ್ತಿ


ಬಾಗಲಕೋಟೆ
ಫೆಬ್ರವರಿ 17, 2025

ಕೀರ್ತಿ, ನನ್ನ ಕೂಸೇ,

ಓದಿ ಕಾಗದವನ್ನು ಸೀರೆಗಳ ನಡುವೆ ಬಚ್ಚಿಟ್ಟಿದ್ದೇನೆ. ಯಾರಿಗೂ ಹೇಳಿಲ್ಲ. ಅಣ್ಣನಿಗೂ ಹೇಳಿಲ್ಲ.

ಆ ಮನುಷ್ಯನನ್ನು ನಾನು ಅಳಿಯ ಎಂದು ಕರೆದು ಆರತಿ ಎತ್ತಿದೆನಲ್ಲ! ಕಟ್ಟಿಕೊಂಡ ಹೆಂಡತಿಗೆ, ಹೆತ್ತ ತಾಯಿಗೆ ಮಗುವಿನ ಇಂಥ ಸಂಗತಿ ಮುಚ್ಚಿಡುವುದೆಂದರೇನು? ಎದುರು ಕೂತು ನಗುನಗುತ್ತಾ ಸುಳ್ಳು ಹೇಳುವುದೆಂದರೇನು? ನನ್ನ ಕೈಗೆ ಸಿಕ್ಕರೆ ಕೇಳುತ್ತೇನೆ. ನಾನಾಗಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ. ಒಂದು ದಿನವೂ ಒಳಗಿಟ್ಟುಕೊಳ್ಳುತ್ತಿರಲಿಲ್ಲ.

ಆ ಮುದುಕಿಯ ಮಾತನ್ನೂ ಪೂರ್ತಿ ನಂಬಬೇಡ. ಈಗ ಎಲ್ಲ ಗೊತ್ತಾದ ಮೇಲೆ ನಾ ಹೇಳಿದ್ದೆ, ನಾ ಹೇಳಿದ್ದೆ ಎನ್ನುವುದು ಸುಲಭ. ಗೊತ್ತಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು.

ವೀಸಾ ಇನ್ನೂ ಇದೆ. ಟಿಕೆಟ್ ತೆಗೆಸಲೇ? ಈ ಹೊತ್ತಿನಲ್ಲಿ ತಾಯಿ ಮಗಳ ಹತ್ತಿರ ಇರದೆ ಮತ್ತೆ ಯಾವಾಗ ಇರಬೇಕು? ನೀನು ಹೂಂ ಅಂದರೆ ಸಾಕು, ಹೊರಟು ಬರುತ್ತೇನೆ.

ಇಂತಿ,
ನಿನ್ನ ಅವ್ವ


ಸಮಾಮಿಶ್
ಏಪ್ರಿಲ್ 12, 2025

ಅವ್ವ,

ಉತ್ತರ ತಡವಾಯಿತು. ಫೋನಿನಲ್ಲಿ ಬರೀ “ಹೂಂ, ಊಟ ಆಯ್ತು” ಎಂದು ಇಟ್ಟುಬಿಡುತ್ತಿದ್ದೆ. ಯಾಕೆಂದು ಈ ಕಾಗದದ ಕೊನೆಯಲ್ಲಿ ನಿನಗೆ ತಿಳಿಯುತ್ತದೆ.

ಹ್ಯುನ್‌ಸೂ ಟೆಕ್ಸಾಸಿನಿಂದ ಬಂದಾಗ ಬಾಗಿಲಲ್ಲೇ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. ಷೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಶಾಲೆಗೆ ಹೋಗುವ ವಯಸ್ಸಿನಿಂದಲೂ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ಅವನೊಬ್ಬನೇ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಬಾಯಿ ಅವನೇ. ಅವನಪ್ಪನಿಗೆ ಕ್ಯಾನ್ಸರ್ ಆದಾಗ ಡಾಕ್ಟರು ಇನ್ನು ಏನೂ ಮಾಡುವಂತಿಲ್ಲ ಎಂದದ್ದನ್ನು ಅವನು ಗುಣವಾಗುತ್ತದೆ ಎಂದು ಹೇಳಿದನಂತೆ. “ಆ ಎರಡು ತಿಂಗಳು ಅಪ್ಪ ನಗ್ತಾ ನಗ್ತಾ ಇದ್ದ. ನಾನು ಯಾವಾಗ್ಲೂ ಅದನ್ನೇ ಮಾಡಿದೀನಿ ಕೀರ್ತಿ. ಯಾರಿಗೆ ಎಷ್ಟು ತಡ್ಕೊಳ್ಳೋಕಾಗುತ್ತೋ ಅಷ್ಟೇ ಹೇಳಿದೀನಿ. ನೀನು ಅಮ್ಮನ ಭಾಷೇನೇ ಕಾರಣ ಅಂದೆ, ಅಮ್ಮ ನಿನ್ನ ಮೇಲೆ ಸಿಟ್ಟಾದ್ಲು. ಮಧ್ಯದಲ್ಲಿ ನಾನಿದ್ದೆ. ಮೀನಾ ಒಂದಿನ ಮಾತಾಡಿಬಿಡ್ತಾಳೆ, ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ” ಎಂದ.

“ನಿನ್ನ ಅಪ್ಪನಿಗೆ ಔಷಧಿ ಇರಲಿಲ್ಲ, ಮೀನಾಗೆ ಇತ್ತು” ಎಂದೆ. ಅವನು ಅತ್ತ. ನನಗೆ ಅಳು ಬರಲಿಲ್ಲ. ಡಾಕ್ಟರು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿತ್ತು: ಮಾತಿನ ಬುನಾದಿ ಬೀಳುವುದೇ ಈ ಮೊದಲ ವರ್ಷಗಳಲ್ಲಿ. ಕಳೆದದ್ದನ್ನು ಹಿಡಿಯಬಹುದು, ಆದರೆ ಓಡಿ ಹಿಡಿಯಬೇಕು. ಕ್ಲಿನಿಕ್ಕಿನ ಡಾಕ್ಟರು ಪ್ರತಿ ಸಲ ಕೇಳಿದಾಗಲೂ ಇವನು, ಮನೆಯಲ್ಲಿ ಒಂದೆರಡು ಮಾತು ಆಡುತ್ತಾಳೆ ಎಂದಿದ್ದನಂತೆ.

ಅವನೀಗ ಫ್ರೀಮಾಂಟಿನಲ್ಲಿ ಆಫೀಸಿನ ಹತ್ತಿರ ಒಂದು ರೂಮು ಮಾಡಿಕೊಂಡಿದ್ದಾನೆ. ನಾನೇ ಹೋಗೆಂದೆ. ಮೀನಾಳನ್ನು ನೋಡಲು ಬಂದು ಹೋಗುತ್ತಾನೆ. ಅಮ್ಮನನ್ನೂ ಕರೆದ. ಅತ್ತೆ ಅವನ ಜೊತೆ ಹೋಗಲಿಲ್ಲ. ಅವನು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರೆ ಇವರು ಸಿಂಕಿನಲ್ಲಿ ಅಕ್ಕಿ ತೊಳೆಯುತ್ತಲೇ ಇದ್ದರು.

ಇನ್ನು ನಿನಗೆ ಬರೆಯಬೇಕಾದ ವಿಷಯ.

ಕಿವಿ ಕೇಳದ ಪುಟ್ಟ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಟೀಚರೊಬ್ಬಳು ವಾರವಾರ ಬರುತ್ತಾಳೆ. ಜೊತೆಗೆ ಫೋನಿನಲ್ಲಿ ಕೊರಿಯನ್ ದುಭಾಷಿ ಇರುತ್ತಾಳೆ. ಹಾಲು, ಇನ್ನೂ ಬೇಕು, ಸಾಕು ಎನ್ನುವ ಕೈಭಾಷೆಯನ್ನು ನಾನೂ ಅತ್ತೆಯೂ ಒಟ್ಟಿಗೇ ಕಲಿಯುತ್ತಿದ್ದೇವೆ. ಹೋದ ತಿಂಗಳು ಪಾಠ ಮುಗಿದ ಮೇಲೂ ದುಭಾಷಿಗೆ ಸ್ವಲ್ಪ ಸಮಯವಿತ್ತು. ನಾನು ಅತ್ತೆಗೆ ಕ್ಷಮಿಸಿ ಎಂದೆ. ನನಗೆ ಯಾರೂ ಹೇಳಲಿಲ್ಲ, ಒಬ್ಬರಾದರೂ ಹೇಳಿದ್ದರೆ ಆವತ್ತೇ ಕರೆದುಕೊಂಡು ಹೋಗುತ್ತಿದ್ದೆ ಎಂದೆ. ಅತ್ತೆ ನನ್ನತ್ತ ತಿರುಗಿ ಏನೋ ಕೇಳಿದರು. ಆಮೇಲೆ ದುಭಾಷಿ ಹೇಳಿದಳು: “ನಿನ್ನ ತಾಯಿ ಹೇಳಲಿಲ್ಲವೇ?”

ಮೀನಾಳ ಮೊದಲ ಹುಟ್ಟುಹಬ್ಬ ಆದ ಮೇಲೆ, ನಾನು ಆಫೀಸಿಗೆ ಹೋಗಿದ್ದ ಒಂದು ದಿನ, ಅತ್ತೆ ನಿನ್ನನ್ನು ಅಡುಗೆಮನೆಗೆ ಕರೆದರಂತೆ. ಮೀನಾ ಎತ್ತರದ ಕುರ್ಚಿಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಳಂತೆ. ಅವಳ ಬೆನ್ನ ಹಿಂದೆ ನಿಂತು ಅತ್ತೆ ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬಿಟ್ಟರಂತೆ. ಮೀನಾ ತಿರುಗಲಿಲ್ಲ. ಆಗ ನೀನೇ ಆ ತಟ್ಟೆಯನ್ನು ಎತ್ತಿಕೊಂಡು ಇನ್ನೊಮ್ಮೆ, ಇನ್ನೂ ಹತ್ತಿರದಿಂದ ಬಿಟ್ಟೆಯಂತೆ. ಆಮೇಲೆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆಯಂತೆ. ಅತ್ತೆ ನನ್ನ ಫೋಟೋ ತೋರಿಸಿ, ಇವಳಿಗೆ ಹೇಳು ಎಂದು ಸನ್ನೆ ಮಾಡಿದರಂತೆ. ನೀನು ಎದೆ ಮುಟ್ಟಿಕೊಂಡು, ನಾನು ಹೇಳುತ್ತೇನೆ ಎನ್ನುವಂತೆ ತಲೆಯಾಡಿಸಿದೆಯಂತೆ. ಅದಕ್ಕೇ ಅತ್ತೆ, ನನಗೆ ಎಲ್ಲ ಗೊತ್ತಿದೆ ಎಂದು ಮಗ ಹೇಳಿದ್ದನ್ನು ನಂಬಿದ್ದು.

ಅದಾದ ಮೇಲೆ ನೀನು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದೆ. ದಿನಾ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿದೆ. ಹೊರಡುವ ದಿನ ಏರ್‌ಪೋರ್ಟಿನಲ್ಲಿ, ಆ ಮುದುಕಿಯ ಭಾಷೆಯಿಂದಲೇ ಹೀಗೆ ಎಂದೆ.

ಇದು ನಿಜವೋ ಸುಳ್ಳೋ ಅಷ್ಟು ಬರೆ. ಬೇರೇನೂ ಬರೆಯಬೇಡ.

ಕೀರ್ತಿ


ಬಾಗಲಕೋಟೆ
ಮೇ 6, 2025

ಕೀರ್ತಿ,

ತಟ್ಟೆ ಬಿಟ್ಟದ್ದು ನಿಜ. ಆದರೆ ಒಂದು ತಟ್ಟೆಯ ಸದ್ದಿಗೆ ತಿರುಗದಿದ್ದರೆ ಕಿವುಡು ಎಂದು ಹೇಗೆ ಹೇಳುವುದು? ನಾನೇನು ಡಾಕ್ಟರೇ? ಕೂಸು ಹಣ್ಣು ತಿನ್ನುವುದರಲ್ಲಿತ್ತು.

ಬೇರೇನೂ ಬರೆಯಬೇಡ ಎಂದಿದ್ದೀ. ಹೆತ್ತವಳು ಬರೆಯದೆ ಹೇಗಿರಲಿ? ಆ ದಿನ ಸಂಜೆ ನೀನು ಆಫೀಸಿನಿಂದ ನಗುನಗುತ್ತಾ ಬಂದೆ. ಮಗುವನ್ನು ಎತ್ತಿಕೊಂಡು ತಿರುಗಿಸಿದೆ. ನಾನು ಬಾಯಿ ತೆರೆದೆ. ನೀನು, “ಅವ್ವಾ, ನನಗ ಇನ್ನೇನೂ ಬ್ಯಾಡ, ಇಷ್ಟು ಸಾಕು” ಎಂದೆ. ಆ ಮಾತಿನ ಮೇಲೆ ನಾನು ಕಲ್ಲು ಹಾಕಲೇ? ನಾಳೆ ಹೇಳೋಣ ಎಂದೆ. ನಾಳೆಯೂ ಹಾಗೇ ಆಯಿತು.

ಇನ್ನೊಂದು ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಮಗುವಿನ ಕೊರತೆಯನ್ನು ಮೊದಲು ಕಂಡವಳು ಆಕೆ. ನನ್ನ ಮೊಮ್ಮಗಳ ಬಗ್ಗೆ ನನಗೆ ತೋರಿಸಲು ಆಕೆ ಯಾರು ಎನ್ನಿಸಿತು. ನಾನು ಹೇಳಿದ್ದರೆ, ನೋಡು ಆ ದೇಶದವನನ್ನು ಕಟ್ಟಿಕೊಂಡಳು, ಕಿವುಡು ಕೂಸು ಹುಟ್ಟಿತು ಎಂದು ನಿನ್ನ ದೊಡ್ಡಪ್ಪನ ಮನೆಯವರು ಊರೆಲ್ಲ ಆಡುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವವಳು ಇಲ್ಲಿರುವ ನಾನು, ನೀನಲ್ಲ. ಹಾಗೆಂದು ಕೂಸಿಗೆ ಕೆಡುಕು ಬಯಸಿದೆನೇ? ಮನೆಯಲ್ಲಿ ಗಂಡನಿದ್ದಾನೆ, ಡಾಕ್ಟರಿದ್ದಾರೆ, ಅಷ್ಟು ದೊಡ್ಡ ಊರಿದೆ, ಯಾರಾದರೂ ನೋಡುತ್ತಾರೆ ಎಂದುಕೊಂಡೆ.

ನೀನು ಹೊರಗಿನವರ ಮಾತು ಕೇಳಿ ತಾಯಿಯನ್ನು ಪ್ರಶ್ನೆ ಮಾಡುತ್ತಿದ್ದೀ. ಆಪರೇಷನ್ ಎಂದು ಕೇಳಿದೆ, ನೀನು ಸರಿಯಾಗಿ ಮಾತಾಡುವುದಿಲ್ಲವೆಂದು ವಿಜಯೇಂದ್ರ ನಿನ್ನ ಗೆಳತಿ ಸ್ವಪ್ನಾಗೆ ಫೋನು ಮಾಡಿದ್ದ, ಅವಳು ಹೇಳಿದಳಂತೆ. ನನಗೆ ಹೇಳಬೇಕೆನಿಸಲಿಲ್ಲವೇ? ಬರುತ್ತೇನೆ. ನಾನು ಬಂದರೆ ಎಲ್ಲ ಮಾತಾಡಿಕೊಳ್ಳೋಣ.

ನಿನ್ನ ಅವ್ವ


ಬಾಗಲಕೋಟೆ
ಆಗಸ್ಟ್ 19, 2025

ಕೀರ್ತಿ,

ಮೇ ತಿಂಗಳ ನನ್ನ ಕಾಗದಕ್ಕೆ ಉತ್ತರವಿಲ್ಲ. ಫೋನು ಎತ್ತುವುದಿಲ್ಲ. “ಬರಬೇಡ” ಎಂದು ಒಂದೇ ಪದವನ್ನು ಅಣ್ಣನ ಫೋನಿಗೆ ಕಳಿಸಿದೆ. ಅವನು ಓದಿ ಹೇಳಿದಾಗ ಅತ್ತಿಗೆಯೂ ಅಲ್ಲೇ ಇದ್ದಳು.

ಆಪರೇಷನ್ ಆಯಿತಂತೆ. ಕಿವಿಯ ಹಿಂದೆ ಮಿಷನ್ ಕೂರಿಸುತ್ತಾರಂತೆ. ಕೂಸಿಗೆ ನೋವಾಯಿತೇ? ಕೂದಲು ಬೋಳಿಸಿದರೇ? ರಾತ್ರಿ ಯಾರ ಪಕ್ಕ ಮಲಗುತ್ತಾಳೆ?

ಈಗ ಅವಳಿಗೆ ಕೇಳಿಸುತ್ತದೆಯೇ? ಕೇಳಿಸಿದರೆ ಒಮ್ಮೆ ನನ್ನ ದನಿ ಕೇಳಿಸು. ಅಷ್ಟು ಮಾಡು. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಬೇಡ.

ಅವ್ವ


ಸಮಾಮಿಶ್
ನವೆಂಬರ್ 2, 2025

ಅವ್ವ,

ನಿನ್ನ ಮೇ ತಿಂಗಳ ಕಾಗದವನ್ನು ಬಹಳ ಸಲ ಓದಿದೆ. ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಸುಳ್ಳಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೂಸಿನ ಬಗ್ಗೆ ಕೇಳಿದ್ದೀ, ಹೇಳುತ್ತೇನೆ. ಜುಲೈನಲ್ಲಿ ಆಪರೇಷನ್ ಆಯಿತು. ಕೂದಲು ಕಿವಿಯ ಹಿಂದೆ ಸ್ವಲ್ಪ ಮಾತ್ರ ತೆಗೆದರು. ಗಾಯ ಮಾಯ್ದ ಮೇಲೆ ಆಗಸ್ಟಿನಲ್ಲಿ ಮಿಷನ್ ಚಾಲೂ ಮಾಡಿದರು. ಆ ದಿನ ಹ್ಯುನ್‌ಸೂ, ಅತ್ತೆ, ನಾನು ಮೂವರೂ ಇದ್ದೆವು, ದುಭಾಷಿಯೂ ಇದ್ದಳು. ಮಗು ನಗುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದೆವು. ಅವಳು ಕಿರುಚಿದಳು. ಕಿವಿಯ ಹಿಂದಿನದನ್ನು ಕಿತ್ತೆಸೆದು ನನ್ನ ಹೊಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ದಿನ ಏನೂ ಇರದಿದ್ದ ಕಡೆ ಒಮ್ಮೆಲೇ ಗದ್ದಲ ನುಗ್ಗಿದರೆ ಯಾರಿಗಾದರೂ ಹೆದರಿಕೆಯೇ ಎಂದು ಡಾಕ್ಟರು ಹೇಳಿದರು. ಕಲಿಯಲು ತಿಂಗಳುಗಳು ಬೇಕು. ಬಿಡದೆ ಮಾತಾಡುತ್ತಿರಿ, ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತಾಡಿ, ಎಷ್ಟು ಭಾಷೆಯಾದರೂ ಪರವಾಗಿಲ್ಲ ಎಂದರು. ದುಭಾಷಿ ಅದನ್ನು ಕೊರಿಯನ್‌ನಲ್ಲಿ ಹೇಳಿದಳು. ಅತ್ತೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಹ್ಯುನ್‌ಸೂ ಏನೋ ಹೇಳಹೊರಟ. ನಾವಿಬ್ಬರೂ ಅವನತ್ತ ತಿರುಗಲಿಲ್ಲ.

ಅವನು ಇನ್ನೂ ಫ್ರೀಮಾಂಟಿನಲ್ಲೇ ಇದ್ದಾನೆ. ಭಾನುವಾರ ಬರುತ್ತಾನೆ. ಮಗಳ ಜೊತೆ ಚೆನ್ನಾಗಿದ್ದಾನೆ. ಅವನು ಏನು ಹೇಳಿದರೂ, ಹವೆ ಚೆನ್ನಾಗಿದೆ ಎಂದರೂ, ನಾನು ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಇದು ಎಂದಾದರೂ ಹೋಗುತ್ತದೋ ಇಲ್ಲವೋ ತಿಳಿಯದು.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಸೌತ್ ಲೇಕ್ ಯೂನಿಯನ್ ಬಡಾವಣೆಯ ನನ್ನ ಆಫೀಸಿಗೆ ಹೊರಡಲು ಕಾರಿನ ಕೀಲಿ ಹುಡುಕುತ್ತಿದ್ದೆ. ಮೀನಾ ಹಿತ್ತಿಲ ಬಾಗಿಲ ಗಾಜಿಗೆ ಮೂಗು ಹಚ್ಚಿ ಅಳಿಲು ನೋಡುತ್ತಾ ನಿಂತಿದ್ದಳು. ಅತ್ತೆ ಒಲೆಯ ಮುಂದಿನಿಂದ, ತಲೆ ಎತ್ತದೆ, “ಮೀನಾಯಾ” ಎಂದರು. ಅವರ ಭಾಷೆಯಲ್ಲಿ ಮಕ್ಕಳನ್ನು ಕರೆಯುವುದು ಹಾಗೆ. ಜೋರಾಗಿಯೂ ಕರೆಯಲಿಲ್ಲ.

ಮೀನಾ ತಿರುಗಿದಳು.

ಅತ್ತೆಯ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ನಾನೂ ಕೀಲಿ ಹುಡುಕುವುದನ್ನು ಬಿಟ್ಟೆ. ಮೀನಾ ಒಬ್ಬೊಬ್ಬರ ಮುಖವನ್ನೂ ನೋಡಿ, ಏನೂ ಇಲ್ಲವೆಂದು ತಿಳಿದು, ಮತ್ತೆ ಅಳಿಲಿನ ಕಡೆ ತಿರುಗಿದಳು. ಅಷ್ಟೇ. ಅತ್ತೆ ಒಲೆ ಆರಿಸಿ ಬಂದು ನನ್ನ ಕೈ ಹಿಡಿದುಕೊಂಡರು. ಮಾತಾಡಿದ್ದರೂ ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಆಮೇಲೆ ಕಾರಿನಲ್ಲಿ ಕೂತು, ಯೋಚಿಸದೆಯೇ, ಬಾಗಲಕೋಟೆಯ ನಂಬರು ಒತ್ತಿದೆ. ಸಂತೋಷವಾದಾಗ ನನ್ನ ಬೆರಳು ಇಂದಿಗೂ ಅಲ್ಲಿಗೇ ಹೋಗುತ್ತದೆ. ನೀನೇ ಎತ್ತಿದೆ. “ಹಲೋ, ಯಾರವ್ರಾ? ಕೀರ್ತೀ? ಕೀರ್ತೀ ಏನು?” ಎಂದೆ. ನಿನ್ನ ದನಿ ಕೇಳಿದ ಕೂಡಲೇ, ಸ್ಟೀಲಿನ ತಟ್ಟೆಯನ್ನು ಎರಡನೆಯ ಸಲ ಎತ್ತಿಕೊಂಡವಳು ನೀನೆಂಬುದು ನೆನಪಾಯಿತು. ಫೋನು ಇಟ್ಟುಬಿಟ್ಟೆ.

ಆ ದಿನ ನೀನು ಕೇಳಬೇಕಾಗಿದ್ದ ಸುದ್ದಿ ಇದು. ನಿನಗೆ ಈಗ ತಿಳಿಯುತ್ತಿದೆ.

ಕೀರ್ತಿ